ಏಳನೇ ಹಾಸಿಗೆಯವಳನ್ನು ಕೇಳದವರಿಗೆ

ಹುಬ್ಬಳ್ಳಿ
2171ನೇ ಇಸವಿ, ಹದಿಮೂರನೇ ತಿಂಗಳ ಒಂಬತ್ತು

ಮೂರನೇ ವರ್ಷದ ನರ್ಸಿಂಗ್ ವಿದ್ಯಾರ್ಥಿಗಳೇ,

ತಾರೀಖು ಕಂಡು ಗಾಬರಿಯಾಗಬೇಡಿ. ಈ ಕಾಗದ ಬರುತ್ತಿರುವುದು ನಿಮ್ಮ ಮುಂದಿನ ಕಾಲದಿಂದ, ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಕನ್ನಡ ವಿಚಿತ್ರವೆನಿಸಿದರೆ ಅದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ. ಉಳಿದ ಯಾವುದಕ್ಕೂ ಇಲ್ಲ.

ನಾನು ಚನ್ನಬಸಮ್ಮ, ದಾದಿಯರಿಗೆ ಪಾಠ ಹೇಳುವವಳು. ನಿಮ್ಮ ವಾರ್ಡಿನ ಏಳನೇ ಹಾಸಿಗೆಯಲ್ಲಿರುವ ಹತ್ತು ವರ್ಷದ ನೀಲಾಂಬಿಕೆ ನನ್ನ ಮುತ್ತಜ್ಜನ ಅಕ್ಕ. ಅವಳ ಮೂಳೆ ಕ್ಯಾನ್ಸರ್ ಗುಣವಾಗುವಂಥದ್ದಲ್ಲ. ನಿಮ್ಮ ಲೆಕ್ಕದಲ್ಲಿ ನಿನ್ನೆ, ನೀವು ನಲವತ್ತೆರಡು ಜನ ಅವಳ ಕಾಲ ಬಳಿ ನಿಂತು, ಇಂಥ ಮಗುವಿಗೆ ಉಸಿರಾಟದ ಯಂತ್ರ ಹಾಕಬೇಕೋ ಬೇಡವೋ ಎಂದು ಯಾರು ತೀರ್ಮಾನಿಸಬೇಕೆಂಬ ಪ್ರಾಜೆಕ್ಟ್ ಫಾರ್ಮ್ ತುಂಬಿದಿರಿ. ಮೂವತ್ತೊಂದು ಜನ ತಂದೆತಾಯಿ ಎಂದಿರಿ, ಹನ್ನೊಂದು ಜನ ಡಾಕ್ಟರು ಎಂದಿರಿ. ಮಗುವನ್ನು ಕೇಳುವ ಕಲಂ ಅದರಲ್ಲಿ ಇರಲೇ ಇಲ್ಲ. ಇಲ್ಲವಲ್ಲ ಎಂದು ನಿಮ್ಮಲ್ಲೊಬ್ಬರೂ ತುಟಿ ಬಿಚ್ಚಲಿಲ್ಲ. ಚರ್ಚೆಯನ್ನೆಲ್ಲ ಇಂಗ್ಲಿಷಿನಲ್ಲಿ ನಡೆಸಿದಿರಿ, ಮಹಾ ಜಾಣರು! ಅವಳು ಓದುವುದು ಇಂಗ್ಲಿಷ್ ಶಾಲೆಯಲ್ಲಿ.

ನೀವು ಹೋದ ಮೇಲೆ ಅವಳು ತಾಯಿಗೆ ಹೇಳಿದ ಮಾತು ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ: "ಅವ್ವಾ, ಇವ್ರು ನನ್ನ ಬಗ್ಗೇನ ಮಾತಾಡಾಕತ್ತಿದ್ರು. ನನ್ನ ಯಾಕ ಕೇಳಲಿಲ್ಲ? ನನಗ ಮಶೀನ್ ಬ್ಯಾಡ, ಮನೀಗೆ ಹೋಗೂಣು." ಡಾಕ್ಟರ ಮುಂದೆ ಅದನ್ನು ಹೇಳಲು ತಾಯಿಗೆ ಬಾಯಿ ಬರಲಿಲ್ಲ.

ನಮ್ಮಲ್ಲಿ 'ಮಲಗುಪಾಠ' ಎಂಬುದಿದೆ. ಕಲಿಯಲು ಬಂದ ಪ್ರತಿಯೊಬ್ಬರೂ ಮೂರು ದಿನ ಮೂಗಿಗೆ ನಳಿಕೆ ಹಾಕಿಸಿಕೊಂಡು, ಕೈ ಕಟ್ಟಿಸಿಕೊಂಡು ಮಲಗಬೇಕು. ಜೊತೆಯವರು ಸುತ್ತ ನಿಂತು, ಇವರನ್ನು ಬದುಕಿಸಬೇಕೋ ಬಿಡಬೇಕೋ ಎಂದು ಮಲಗಿದವರಿಗೆ ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ ವಾದಿಸುತ್ತಾರೆ, ನಡುವೆ ಬಿಸ್ಕತ್ತು ತಿನ್ನುತ್ತಾರೆ. ಸಂಕಟ ತಡೆಯಲಾರದವರು ಬೈದುಕೊಳ್ಳಲೆಂದು ಎದುರಿನ ಗೋಡೆಯ ಮೇಲೆ ನಿಮ್ಮ ನಲವತ್ತೆರಡೂ ಹೆಸರುಗಳನ್ನು ಬರೆಸಿದ್ದೇನೆ. ಚೆನ್ನಾಗಿಯೇ ಬೈಯುತ್ತಾರೆ. ಕೇಳಿದಾಗ ನನ್ನ ಹೊಟ್ಟೆ ತಣ್ಣಗಾಗುತ್ತದೆ, ಸುಳ್ಳೇಕೆ ಹೇಳಲಿ?

ಆದರೂ ಅಷ್ಟು ಸಾಲದೆನಿಸಿ ಈ ಕಾಗದ ಬರೆದೆ. ಇನ್ನು ನಾಲ್ಕು ದಿನಕ್ಕೆ ಅವಳಿಗೆ ಯಂತ್ರ ಹಾಕುತ್ತಾರೆ. ಆಮೇಲೆ ಅವಳಿಗೆ ಮಾತಾಡಲು ಆಗುವುದಿಲ್ಲ. ಹನ್ನೊಂದು ದಿನ ಹಾಗೇ ಇದ್ದು ಸಾಯುತ್ತಾಳೆ. ಇವತ್ತು ಅವಳು ಎಚ್ಚರವಾಗಿದ್ದಾಳೆ, ಮಾತಾಡುತ್ತಾಳೆ. ಹೋಗಿ ಕೇಳಿ.

ಕೇಳದಿದ್ದರೆ ನಾನೇನೂ ಮಾಡಲಾರೆ. ಆದರೆ ಅವಳಿಗೇನು ಬೇಕಿತ್ತೆಂದು ನಮಗೆ ಗೊತ್ತಿರಲಿಲ್ಲ ಎಂದು ಮುಪ್ಪಿನವರೆಗೂ ಹೇಳಿಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದಿರಲ್ಲ, ಆ ನಿದ್ದೆ ಇವತ್ತಿಗೆ ಮುಗಿಯಿತು.

ಇಂತಿ,
ನೀಲಾಂಬಿಕೆಯ ಕಡೆಯವಳು
ಚನ್ನಬಸಮ್ಮ