ಅವ್ವನ ಹಾಡಿಗೆ ಎರಡನೇ ದನಿ

ಬಟವಾಡಿ, ತುಮಕೂರು
14 ನವೆಂಬರ್ 2024, ಗುರುವಾರ

ಪ್ರೀತಿಯ ಚಿಕ್ಕವ್ವನಿಗೆ ತಿಮ್ಮರಾಜು ಮಾಡುವ ನಮಸ್ಕಾರಗಳು.

ನಿನ್ನ ಮಂಡಿನೋವು ಹೇಗಿದೆ? ಬಲಗಾಲಿನ ಊತ ಇಳಿಯಿತೇ? ಕುಣಿಗಲ್‌ನಲ್ಲೂ ಚಳಿ ಶುರುವಾಗಿರಬೇಕು, ಸಂಜೆ ಹೊತ್ತು ಕೆರೆ ಏರಿಯ ಮೇಲೆ ಕೂರಬೇಡ. ನೀನು ಫೋನು ತೆಗೆಯುತ್ತಿಲ್ಲವಾದ್ದರಿಂದ ಇದನ್ನು ಲಗೇಜ್ ಆಟೊದ ಮುತ್ತುರಾಜ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಮೊಮ್ಮಗಳು ಪೂಜಾ ಓದಿ ಹೇಳಲಿ. ಪೂಜಾ, ಅಜ್ಜಿ ಬೈದರೂ ಅರ್ಧಕ್ಕೆ ನಿಲ್ಲಿಸಬೇಡ ಕಣವ್ವ.

ಅವ್ವನ ಗಂಟಲಲ್ಲಿ ಗಡ್ಡೆಯಿದೆ. ಬರುವ ಮಂಗಳವಾರ ಆಪರೇಷನ್. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ದನಿ ಮೊದಲಿನಂತೆ ಉಳಿಯುತ್ತದೆ ಎಂದು ಮಾತ್ರ ಹೇಳಲಿಲ್ಲ. ಅಷ್ಟರೊಳಗೆ ನಿಮ್ಮ 'ದನ ಹುಡುಕಿದ ಪದ'ವನ್ನು ಪೂರ್ತಿ ರೆಕಾರ್ಡ್ ಮಾಡಿಸಬೇಕೆಂದು ಓಡಾಡಿದೆ. ಗುಬ್ಬಿ ಕಡೆ ರಾಗಿ ಹೊಲದಲ್ಲಿ ಕಳೆ ಕೀಳುತ್ತ ನೀವು ಅಕ್ಕತಂಗಿ ಕಲಿತ ಆ ಹಾಡನ್ನು ಕೊನೆಯವರೆಗೆ ಬಲ್ಲವರು ಬೇರೆ ಯಾರೂ ನನಗೆ ಸಿಕ್ಕಿಲ್ಲ. ಕಾಲೇಜಿನಲ್ಲಿ ಜಾನಪದ ಪಾಠ ಮಾಡುವ ಸುಮನಾ ಮೇಡಂ ಸೋಮವಾರ ಮೈಕ್ ಹಿಡಿದು ಮನೆಗೇ ಬಂದರು. ಫ್ಯಾನು ಆರಿಸಿ, ಹೈವೇ ಸದ್ದಿಗೆ ಕಿಟಕಿ ಮುಚ್ಚಿದೆವು. ಅವ್ವ ಮೊದಲ ಸಾಲು ಹಾಡಿ ನಿಂತಳು. ಮೇಡಂ ಮುಂದುವರಿಸಿ ಎಂದು ಕೈಸನ್ನೆ ಮಾಡಿದರು. ಎರಡನೆಯದನ್ನು ಹಾಡಿ ಮತ್ತೆ ನಿಂತಳು. ನೀನು ಆ ಸಾಲನ್ನೇ ಹಿಂದಿನಿಂದ ಎಳೆದು ಹಾಡುವಷ್ಟು ಹೊತ್ತು ಕಾಯುತ್ತಿದ್ದಳು ಎಂದು ನನಗೆ ತಡವಾಗಿ ಹೊಳೆಯಿತು. ಹನ್ನೊಂದನೇ ಸಾಲಿಗೆ ಎಲ್ಲ ಮರೆತುಹೋಯಿತು. "ಗಂಗಿ ಹಿಂದಿಂದ ಎಳುದ್ರೇನೇ ಕಣೋ ನಂಗೆ ಮುಂದ್ಕೆ ಬರೋದು" ಎಂದಳು. ನಾನು ಹಾಡು ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ ತೆರೆದು ನಿನ್ನ ಪಾಲಿನದನ್ನು ಹಾಡಿದೆ. "ಬುಡ್ಲಾ, ಪೇಪರ್ ಓದ್ದಂಗೆ ಓದ್ತೀಯ. ನಿನ್ ದನಿ ಕೇಳುದ್ರೆ ಇರೋ ದನಾನೂ ಓಡೋಯ್ತವೆ" ಅಂದಳು. ಮೇಡಂ ನಕ್ಕರು, ನಾನೂ ನಕ್ಕೆ. ಅವ್ವ ಮಾತ್ರ ಗೋಡೆ ಕಡೆ ತಿರುಗಿ ಮಲಗಿದಳು. ಮೂರು ದಿನದಿಂದ ಒಂದು ಸಾಲೂ ಗುನುಗಿಲ್ಲ. ಊಟಕ್ಕೆ ಕರೆದರೆ, "ಗಂಗಿಗೆ ನಾನೇನ್ ಮಾಡಿದ್ನೋ, ಇತ್ತ ತಲೇನೂ ಹಾಕಲ್ಲ" ಎನ್ನುತ್ತಾಳೆ.

ನೀನು ಆಗಸ್ಟ್‌ನಿಂದ ಬಂದಿಲ್ಲ. ಕಾರಣ ನನಗೆ ಗೊತ್ತು. ಈ ಹಾಡಿನ ಬಗ್ಗೆ ಪತ್ರಿಕೆಗೆ ನಾನು ಬರೆದ ಲೇಖನದಲ್ಲಿ ಅವ್ವನ ಹೆಸರು ಏಳು ಕಡೆ ಇತ್ತು, ನಿನ್ನದು ಎಲ್ಲೂ ಇರಲಿಲ್ಲ. ಪೂಜಾ ಓದಿದಾಗ, "ನಲ್ವತ್ತು ವರ್ಷ ನಾನೇನ್ ಹೂಂಗುಟ್ಕೊಂಡು ಕೂತಿದ್ನಾ?" ಎಂದೆಯಂತೆ. ಜಾಗ ಸಾಲದೆ ಪತ್ರಿಕೆ ಆಫೀಸಿನವರು ಕತ್ತರಿಸಿದರು ಎಂದು ಆಗ ನಿನಗೆ ಹೇಳಿದ್ದೆ. ಆ ಮೇಲೆ ಅವ್ವನಿಗೆ ಜಾನಪದ ಪ್ರಶಸ್ತಿಯೂ ಬಂತು. ಅವತ್ತೂ ನೀನು ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೇಡಂ ಮತ್ತೆ ಬರುತ್ತಾರೆ. ಎರಡು ಮೈಕ್ ತರಲು ಹೇಳಿದ್ದೇನೆ. ಅವತ್ತು ಬಿಟ್ಟರೆ ಬೇರೆ ದಿನವಿಲ್ಲ.

ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳು. ಮಾತ್ರೆ ತಪ್ಪಿಸಬೇಡ.

ನಿನ್ನ ಅಕ್ಕನ ಮಗ,
ತಿಮ್ಮರಾಜು

ಮರೆತು ಕೆಳಗೆ ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನ ಹೆಸರನ್ನು ಆಫೀಸಿನವರು ಕತ್ತರಿಸಲಿಲ್ಲ. ನಾನು ಬರೆದೇ ಇರಲಿಲ್ಲ. ಪ್ರಶಸ್ತಿಯ ಅರ್ಜಿಯಲ್ಲಿ ಒಬ್ಬರಿಗೇ ಜಾಗವಿತ್ತು, ಇಬ್ಬರೆಂದರೆ ಯಾರಿಗೂ ಸಿಗದೆಂದು ಲೇಖನವನ್ನು ಅವ್ವನೊಬ್ಬಳ ಹೆಸರಲ್ಲೇ ಬರೆದು ಅರ್ಜಿಗೆ ಲಗತ್ತಿಸಿದೆ. ಅವ್ವನಿಗೆ ಓದಲು ಬಾರದು. ಲೇಖನದಲ್ಲಿ ನಿನ್ನ ಹೆಸರೂ ಇದೆ ಎಂದು ಅವಳಿಗೆ ನಾನೇ ಬೆರಳಿಟ್ಟು ತೋರಿಸಿದ್ದೆ. ಇವತ್ತಿಗೂ ಹಾಗೇ ನಂಬಿದ್ದಾಳೆ. ಬಂದು ನಿಜ ಹೇಳಿದರೂ ಸರಿ, ಅವಳೆದುರಿಗೇ ನನಗೆ ಬೈದರೂ ಸರಿ, ಭಾನುವಾರ ಬಾ.