ಎಲುಬಿನೊಳಗೆ ಕಂಡದ್ದನ್ನು ಬರೆದ ಹುಡುಗಿ

ಮಾನ್ಯ ಮುಖ್ಯ ಪರೀಕ್ಷಕರೇ,

ಗುರುವಾಯನಕೆರೆಯ ಬಳಿಯ ನಮ್ಮ ಶಾಲೆಯ ಜುಲೈಕಾ ಎಂಬ ಹುಡುಗಿಯನ್ನು ತಾವು ೧೯೫೯ರ ಎಂಟನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ, ವಿಜ್ಞಾನದಲ್ಲಿ ಎರಡೇ ಅಂಕಗಳಿಂದ ಅನುತ್ತೀರ್ಣಗೊಳಿಸಿದ್ದೀರಿ. ರಕ್ತ ಎಲ್ಲಿ ಉತ್ಪತ್ತಿಯಾಗುತ್ತದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರೆದದ್ದೇ ಅವಳ ಅಪರಾಧ. ಮರುಪರಿಶೀಲಿಸಿ ಎಂದು ನಾನು ಬರೆದ ಅರ್ಜಿಗೆ "ಉತ್ತರವು ಪಠ್ಯಪುಸ್ತಕಕ್ಕೆ ಅನುಗುಣವಾಗಿಲ್ಲ" ಎಂಬ ಒಂದು ಸಾಲಿನ ಕಾಗದ ಬಂತು. ಆದ್ದರಿಂದ ಈಗ ಪತ್ರಿಕೆಯಲ್ಲಿ, ನಾಲ್ಕು ಜನರೆದುರು ಕೇಳುತ್ತಿದ್ದೇನೆ.

ಪಠ್ಯಪುಸ್ತಕ ಹೇಳುವುದೇನು? ರಕ್ತ ಹುಟ್ಟುವುದು ಯಕೃತ್ತಿನಲ್ಲಿ, ಎಲುಬಿನ ಒಳಗಿರುವುದು ಬರೀ ಕೊಬ್ಬು. ಹನ್ನೊಂದು ವರ್ಷ ನಾನೂ ಅದನ್ನೇ ಬಾಯಿಪಾಠ ಮಾಡಿಸಿದೆ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಜುಲೈಕಾ ಪಾಠದ ನಡುವೆ ಎದ್ದು ನಿಂತು, "ಕೊಬ್ಬು ಮಾತ್ರ ಅಲ್ಲ ಸರ್, ಕೆಂಪು ಕೂಡ ಉಂಟು" ಎಂದಳು. ಗದರಿಸಿ ಕೂರಿಸಿದೆ. ಅವಳ ತಂದೆ ಮೊಯಿದಿನಬ್ಬರು ಮಾಂಸದ ಅಂಗಡಿಯವರು. ಮರುದಿನ ಅವರು ಒಡೆದ ಎಲುಬುಗಳನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಬಂದರು. ಹೆಡ್ಮಾಸ್ಟರರು ಮೂಗು ಮುಚ್ಚಿಕೊಂಡು ನಮ್ಮನ್ನೆಲ್ಲ ಬಾವಿಕಟ್ಟೆಯಾಚೆಗೆ ಸಾಗಹಾಕಿದರು. ಅಲ್ಲೇ ಮೊಯಿದಿನಬ್ಬರ ತರಗತಿ ನಡೆಯಿತು.

"ನೋಡಿ ಮಾಸ್ಟ್ರೇ, ಇದು ಮರಿಯ ಕಾಲು, ಒಳಗೆಲ್ಲ ಕೆಂಪು. ಇದು ಮುದಿ ಆಡಿನ ಕಾಲು, ಹಳದಿ. ಅದೇ ಮುದಿ ಆಡಿನ ಪಕ್ಕೆಲುಬು ನೋಡಿ, ಜೇನುಗೂಡಿನ ಹಾಗೆ ತೂತು ತೂತು, ಅದರೊಳಗೆ ಈಗಲೂ ಕೆಂಪೇ. ಪುಸ್ತಕ ಬರೆದವರು ಎಲುಬು ಒಡೆದು ನೋಡಿಲ್ಲ ಅಂತ ಕಾಣ್ತದೆ ಮಾರಾಯ್ರೆ."

ನನಗೆ ಮುಖಭಂಗವಾಯಿತು. ಬಂಟ್ವಾಳದ ಡಾಕ್ಟರೊಬ್ಬರಲ್ಲಿ ವಿಚಾರಿಸಿದೆ, ಕೇಳಿದ್ದನ್ನು ತರಗತಿಗೂ ಹೇಳಿದೆ. ಗರ್ಭದಲ್ಲಿರುವ ಶಿಶುವಿಗೆ ಬಹುಕಾಲ ಯಕೃತ್ತೇ ರಕ್ತ ಒದಗಿಸುತ್ತದಂತೆ. ಹುಟ್ಟುವ ಹೊತ್ತಿಗೆ ಆ ಕೆಲಸ ಎಲುಬಿನೊಳಗಿನ ಕೆಂಪು ಮಜ್ಜೆಯ ಪಾಲಿಗೆ ಬರುತ್ತದೆ. ವಯಸ್ಸಾದಂತೆ ಕೈಕಾಲಿನ ಉದ್ದ ಎಲುಬುಗಳಲ್ಲಿ ಅದು ಕೊಬ್ಬಾಗುತ್ತದೆ. ಎದೆ, ಪಕ್ಕೆ, ಬೆನ್ನು, ಸೊಂಟದ ಎಲುಬುಗಳಲ್ಲಿ ಮಾತ್ರ ಸಾಯುವವರೆಗೂ ರಕ್ತ ಹುಟ್ಟುತ್ತಲೇ ಇರುತ್ತದೆ. ಅಂದರೆ ಸ್ವಾಮೀ, ತಮ್ಮ ಪುಸ್ತಕ ಪೂರ್ತಿ ಸುಳ್ಳಲ್ಲ. ಇನ್ನೂ ಹುಟ್ಟದವರ ಮಟ್ಟಿಗೆ ಸರಿಯಾಗಿದೆ. ಆದರೆ ಪರೀಕ್ಷೆಗೆ ಕೂತವಳು ಹುಟ್ಟಿ ಹದಿನಾಲ್ಕು ವರ್ಷವಾಗಿದೆಯಲ್ಲ?

ಪರೀಕ್ಷೆಯ ಹಿಂದಿನ ದಿನ ಜುಲೈಕಾ ಕೇಳಿದಳು: "ಸರ್, ಪುಸ್ತಕದಲ್ಲಿ ಇದ್ದದ್ದು ಬರೆಯುವುದಾ, ಕಂಡದ್ದು ಬರೆಯುವುದಾ?"

"ಕಂಡದ್ದನ್ನೇ ಬರಿ" ಎಂದೆ. ಆ ಮಾತು ಈಗ ನನ್ನನ್ನು ಸುಡುತ್ತಿದೆ. ಪುಸ್ತಕದ್ದನ್ನು ಬರಿ ಎಂದಿದ್ದರೆ ಅವಳು ಪಾಸಾಗುತ್ತಿದ್ದಳು.

ಅವಳ ಕೇರಿಯಿಂದ ಎಂಟನೆಯವರೆಗೆ ಬಂದ ಮೊದಲ ಹುಡುಗಿ ಅವಳು. ನೆರೆಯವರ ಚುಚ್ಚುಮಾತು ಸಹಿಸಿಕೊಂಡೇ ಮೊಯಿದಿನಬ್ಬರು ಶಾಲೆಗೆ ಕಳಿಸಿದ್ದರು. ಫಲಿತಾಂಶದ ದಿನ ಅವರು, "ಸಾಕು ಮಾಸ್ಟ್ರೇ, ಇನ್ನು ನಿಲ್ಲಿಸುವ. ಸರಿ ಬರೆದೂ ಫೈಲಾದರೆ ನಾನು ಅವಳಿಗೆ ಏನು ಹೇಳಲಿ?" ಎಂದರು. ಅವರಿಗೆ ಕೊಡಬಹುದಾದ ಉತ್ತರ ತಮ್ಮ ಪುಸ್ತಕದಲ್ಲಿದ್ದರೆ ದಯಮಾಡಿ ಪುಟಸಂಖ್ಯೆ ತಿಳಿಸಿ.

ಜೂನ್ ಒಂದಕ್ಕೆ ಹೈಸ್ಕೂಲು ತೆರೆಯುತ್ತದೆ. ಅದರೊಳಗೆ ಅವಳ ಉತ್ತರಪತ್ರಿಕೆಯನ್ನು ಮತ್ತೆ ತೆಗೆದು ಆ ಎರಡು ಅಂಕ ಕೊಡಿ. ಸಂಶಯವಿದ್ದರೆ ಬೆಳ್ತಂಗಡಿ ಬಸ್ಸು ಹತ್ತಿ ಬನ್ನಿ, ಎಲುಬು ಒಡೆದು ತೋರಿಸಲು ಮೊಯಿದಿನಬ್ಬರಿದ್ದಾರೆ. ಅಂಕ ಕೊಡಲಾಗದಿದ್ದರೂ ಒಮ್ಮೆ ಬನ್ನಿ. ಮತ್ತೊಮ್ಮೆ ಪರೀಕ್ಷೆಗೆ ಕೂತರೆ ಯಾವುದನ್ನು ಬರೆಯಬೇಕು ಎಂದು ಜುಲೈಕಾ ಕೇಳಿದ್ದಾಳೆ. ನಾನಿನ್ನೂ ಉತ್ತರ ಕೊಟ್ಟಿಲ್ಲ. ತಾವೇ ಅವಳ ಮುಖ ನೋಡಿ ಹೇಳಿಬಿಡಿ.

ಇಂತಿ,
ಹನ್ನೊಂದು ವರ್ಷ ತಪ್ಪು ಕಲಿಸಿ ಎಲ್ಲರನ್ನೂ ಪಾಸು ಮಾಡಿಸಿದ
ಒಬ್ಬ ವಿಜ್ಞಾನ ಶಿಕ್ಷಕ