ಅವಳ ದನಿಗೆ ಬೇಕಾದ ಪೈಥಾನ್

ಮಾರ್ಚ್ 4, ಸೋಮವಾರ, ಬೆಳಿಗ್ಗೆ 10

ಇವತ್ತೂ ವರ್ಕ್‌ಶಾಪಿಗೆ ರಜೆ. ಬಾಗಿಲ ಚೌಕಟ್ಟು ಕಾಯಲಿ. ಕಂಪ್ಯೂಟರ್ ಸುಟ್ಟು ಐದು ದಿನ — ಅಂದರೆ ನನ್ನವಳು ಮಾತಾಡಿ ಐದು ದಿನ. ಕಾಯಿಲೆ ಗಂಟಲಿಗೆ ಬರುವ ಮೊದಲೇ ಆರುನೂರು ವಾಕ್ಯ ತನ್ನ ದನಿಯಲ್ಲೇ ರೆಕಾರ್ಡ್ ಮಾಡಿಟ್ಟಿದ್ದಳು. ಬಟನ್ ಒತ್ತಿದರೆ ಅವನ್ನು ನುಡಿಸುವ ಪ್ರೋಗ್ರಾಮನ್ನೂ ತಾನೇ ಬರೆದಳು. ನಾನೋ, ನಾಳೆಗೆ ಬೇಕಾದ ಮೊಳೆಯನ್ನೂ ಇವತ್ತು ತರುವವನಲ್ಲ.

ರಿಪೇರಿಯವನು ಅವಳ ಹಳೆಯ ಡಿಸ್ಕನ್ನು ಒಂದು ಸೆಕೆಂಡ್‌ಹ್ಯಾಂಡ್ ಡಬ್ಬಕ್ಕೆ ಜೋಡಿಸಿಕೊಟ್ಟ. ಡಬ್ಬದ ಸ್ವಂತ ಡಿಸ್ಕಿನಲ್ಲಿ ಲಿನಕ್ಸ್ ಇದೆ, ಇಡೀ ಯಂತ್ರ ನಡೆಸುವ ಸಿಸ್ಟಮ್ ಅದೇ. ಅವಳು ಪ್ರೋಗ್ರಾಂ ಬರೆದ ಭಾಷೆ ಪೈಥಾನ್. ಆದರೆ ಲಿನಕ್ಸಿನಲ್ಲಿರುವ ಪೈಥಾನ್ ಹಳೆಯದು, ಅವಳ ಪ್ರೋಗ್ರಾಮಿಗೆ ಹೊಸದು ಬೇಕು. ಯಾರನ್ನಾದರೂ ಕರೆಯಲಾ ಅಂದೆ. ಅಕ್ಷರದ ಹಲಗೆಯ ಮೇಲೆ ತೋರಿಸಿದಳು: "ನೀನೇ ಹಾಕು."

ಮಧ್ಯಾಹ್ನ 3

ಕೈಯಲ್ಲಿ ಅವಳಿಗೆ ಆಡುವುದು ತೋರುಬೆರಳು ಒಂದೇ. ಅದರಲ್ಲೇ ಒಂದೊಂದು ಅಕ್ಷರ, ಚುಕ್ಕೆ, ಅಡ್ಡಗೆರೆ... ನಾನು ಟೈಪ್ ಮಾಡಿದೆ. ಜಾಗ ಒಂದು ಹೆಚ್ಚು ಬಿಟ್ಟರೂ ಅವಳ ಹುಬ್ಬು ಮೇಲೇರುತ್ತದೆ. ಪುಸ್ತಕವಿಲ್ಲ, ಚೀಟಿಯಿಲ್ಲ, ಎಲ್ಲ ತಲೆಯಲ್ಲೇ. ಡೌನ್‌ಲೋಡ್ ಆಯಿತು, ಅದನ್ನು ಈ ಯಂತ್ರಕ್ಕೆ ಹೊಂದಿಸಿ ಕಟ್ಟುವ ಕೆಲಸ, ಕಂಪೈಲ್ ಅಂತೆ, ಶುರುವಾಯಿತು. ನಲವತ್ತು ನಿಮಿಷ ಪರದೆ ತುಂಬ ಸಾಲುಗಳ ಓಟ. ಒಂದು ಎರರ್ ಇಲ್ಲ! ನನಗೆ ಮರಗೆಲಸ ಕಲಿಸಿದ ಮೇಸ್ತ್ರಿಯೂ ಇಷ್ಟು ನಿಖರವಾಗಿ ಅಳತೆ ಹೇಳಿದವನಲ್ಲ. ಇಂಥವಳನ್ನು ಕಟ್ಟಿಕೊಂಡೆನಲ್ಲ ಅಂತ ಹೆಮ್ಮೆ.

ಸುಸ್ತಾಗಿ ಮಲಗಿದಳು. ಪ್ರೋಗ್ರಾಂ ನಾಳೆ ತೆರೆಯುವುದು.

ಸಂಜೆ 5

ಎಡವಟ್ಟು ಮಾಡಿಕೊಂಡೆ. ಹಳೆಯ ಪೈಥಾನ್ ಕಂಪ್ಯೂಟರಿನ ಪ್ರೋಗ್ರಾಂ ಪಟ್ಟಿಯಲ್ಲಿ ಇನ್ನೂ ಕೂತಿತ್ತು. ಹೊಸ ಬ್ಲೇಡ್ ಬಂದ ಮೇಲೆ ಹಳೆಯದನ್ನು ಯಾರು ಇಟ್ಟುಕೊಳ್ಳುತ್ತಾರೆ? ತೆಗೆಯಲಾ ಅಂತ ಕಂಪ್ಯೂಟರ್ ಕೇಳಿತು, ಹೌದು ಅಂದೆ. ಮೆನು ಹೋಯಿತು. ಕಿಟಕಿಗಳು ಹೋದವು. ಬರೀ ಕಪ್ಪು ಪರದೆ.

ಮಾರ್ಚ್ 7, ಸಂಜೆ

ಎರಡು ದಿನ ವರ್ಕ್‌ಶಾಪಿನಲ್ಲಿ ತುರ್ತು ಕೆಲಸ ಅಂತ ಸುಳ್ಳು ಹೇಳಿ ತಲೆ ತಪ್ಪಿಸಿಕೊಂಡೆ. ಇವತ್ತು ಒಪ್ಪಿಕೊಂಡೆ. ನಿನ್ನ ದನಿ ನನ್ನ ಕೈಯಾರೆ ಕಳೆದೆ ಅಂತ ಅತ್ತೇಬಿಟ್ಟೆ. ಅವಳು ಭುಜ ಕುಲುಕುವಷ್ಟು ನಕ್ಕಳು. ಆಮೇಲೆ ಹಲಗೆ. ಕಾಲು ಗಂಟೆ ಹಿಡಿಯಿತು:

"ಹಳೇದರ ಮೇಲೇ ಸಿಸ್ಟಮ್ ನಿಂತಿತ್ತು ದಡ್ಡ. ದನಿ ಬೇರೆ ಡಿಸ್ಕಲ್ಲಿದೆ. ಮೊದಲು ಅದನ್ನ ಬಿಚ್ಚಿಡು."

ಹುಬ್ಬು ಗಂಟಿಕ್ಕಿದ್ದು ಸುಳ್ಳು ಹೇಳಿದ್ದಕ್ಕೆ ಮಾತ್ರ.

ಸ್ಕ್ರೂಡ್ರೈವರ್ ಅಂದರೆ ನನ್ನ ಸೀಮೆ. ಡಿಸ್ಕ್ ಬಿಚ್ಚಿ ಅವಳ ಮಡಿಲಲ್ಲೇ ಇಟ್ಟೆ. ರಿಪೇರಿಯವನ ಪೆನ್‌ಡ್ರೈವ್ ತಂದು ಲಿನಕ್ಸನ್ನು ಮೊದಲಿನಿಂದ ಹಾಕಿದೆ. ಅದರ ಹಳೆಯ ಪೈಥಾನಿನ ಪಕ್ಕದಲ್ಲಿ ಹೊಸ ಪೈಥಾನ್, ಮತ್ತೆ ಅಕ್ಷರ ಅಕ್ಷರವಾಗಿ. ಒಮ್ಮೆಯೂ ಬೇಸರಿಸಲಿಲ್ಲ, ಪುಣ್ಯಾತ್ಗಿತ್ತಿ. ಹಳೆಯದರ ತಂಟೆಗೆ ನಾನು ಹೋಗಲಿಲ್ಲ.

ಮಾರ್ಚ್ 8, ಬೆಳಿಗ್ಗೆ 11

ಡಿಸ್ಕ್ ಕೂರಿಸಿದೆ. ಪ್ರೋಗ್ರಾಂ ತೆರೆಯಿತು. ಬಟನ್ನನ್ನು ಅವಳ ಬೆರಳಡಿ ಸರಿಸಿದೆ. ಪಟ್ಟಿಯಲ್ಲಿ ತುಂಬ ಹೊತ್ತು ಹುಡುಕಿದಳು. ಒತ್ತಿದಳು. ಮೂರು ವರ್ಷದ ಹಿಂದಿನ ಗಟ್ಟಿ ದನಿ:

"ಇನ್ನು ಏನನ್ನೂ ಮುಟ್ಟಬೇಡ."

ಆರುನೂರರಲ್ಲಿ ಈ ವಾಕ್ಯಕ್ಕೂ ಒಂದು ಜಾಗ ಮಾಡಿಟ್ಟಿದ್ದಳು! ನಾನು ಹೀಗೇ ಮಾಡುವವನು ಅಂತ ಆಗಲೇ ಎಣಿಕೆ ಹಾಕಿದ್ದಾಳೆ. ನಗುವುದೋ ಅಳುವುದೋ ತಿಳಿಯದೆ ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ಒಳಗಿಂದ ಮತ್ತೆ ಒತ್ತಿದಳು — "ಎಲ್ಲಿ ಹೋದೆ, ಬಾ ಇಲ್ಲಿ."

ಬಂದೆ ಮಾರಾಯ್ತಿ, ಈ ಸಾಲು ಮುಗಿ—